ಮಲ್ಪೆಯ ಕಲ್ಲುಕಂಬಗಳ ದ್ವೀಪ

ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವನ್ನು ನೋಡಲು ದೂರದೇಶಕ್ಕೇ ಹೋಗಬೇಕೆಂದಿಲ್ಲ. ದಾವಣಗೆರೆಯ ಸರಸ್ವತಿ ನಗರದಿಂದ ಹೊರಟು ಹರಿಹರ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು ಆಗುಂಬೆ ಘಾಟಿ ಇಳಿದರೆ ಉಡುಪಿ ಸಿಗುತ್ತದೆ. ಒಂದೇ ದಿನದಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಮೂರನ್ನೂ ಕಾಣುವಿರಿ. ಮುಂಗಾರಿನ ಮೋಡಗಳು ಘಟ್ಟದಲ್ಲೇ ಬಹುಪಾಲು ಮಳೆ ಸುರಿಸುವುದರಿಂದ ನಮ್ಮ ಬಯಲಿಗೆ ಉಳಿಯುವುದು ಅಲ್ಪ.

ಉಡುಪಿಯ ಪಕ್ಕದ ಮಲ್ಪೆಯಿಂದ ದೋಣಿಯಲ್ಲಿ ಸುಮಾರು 6 ಕಿ.ಮೀ. ಸಾಗಿದರೆ ಸೇಂಟ್ ಮೇರೀಸ್ ದ್ವೀಪಗಳು. ಅಲ್ಲಿ ತೆಂಗಿನ ಮರಗಳ ಸಾಲು. ದಡದುದ್ದಕ್ಕೂ ಐದಾರು ಮುಖಗಳ ಕಲ್ಲುಕಂಬಗಳು. ಇವನ್ನು ಕೆತ್ತಿದವರು ಯಾರು?

ಯಾವ ಶಿಲ್ಪಿಯೂ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಇಲ್ಲಿ ಲಾವಾರಸ ಉಕ್ಕಿತು. ಅದು ಆರುತ್ತಾ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುವುದಿಲ್ಲವೇ, ಹಾಗೆಯೇ. ಬಿರುಕುಗಳು ಒಳಕ್ಕೆ ಇಳಿದಂತೆಲ್ಲ ಕಂಬಗಳು ಮೂಡಿದವು. ಅದೇ ಕಾಲದ ಲಾವಾಶಿಲೆಗಳು ಮಡಗಾಸ್ಕರ್‌ನಲ್ಲಿಯೂ ಇವೆ. ಎರಡು ನೆಲಗಳು ಒಂದಾಗಿದ್ದವೆಂಬುದಕ್ಕೆ ಈ ಕಲ್ಲುಗಳೂ ಸಾಕ್ಷಿ.

ಆದ್ದರಿಂದಲೇ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ಕಡಲು ಒರಟು, ದೋಣಿಗಳು ಹೋಗುವುದಿಲ್ಲ; ಚಳಿಗಾಲದಲ್ಲಿ ಹೋಗಿ. ಅಂಚಿನ ಬಂಡೆಗಳು ಜಾರುತ್ತವೆ, ಫೋಟೋಗಾಗಿ ಅಲೆಯ ಬಳಿ ನಿಲ್ಲಬೇಡಿ. ನೆನಪಿಗೆಂದು ಒಂದು ಚೂರನ್ನೂ ಒಡೆದು ತರಬೇಡಿ. ಮುರಿದ ಗಿಡ ಮತ್ತೆ ಚಿಗುರೀತು. ಮುರಿದ ಈ ಕಂಬ ಮತ್ತೆ ಬೆಳೆಯದು.