ಮನೆಗೆ ಎಷ್ಟು ವಾಟ್ ಬೇಕು?

ಮೇಚೇರಿಯಲ್ಲಿ ಭದ್ರಕಾಳಿ ಅಮ್ಮನ ಜಾತ್ರೆ ಬಂತೆಂದರೆ ಬೀದಿಬೀದಿಯ ಕಂಬಗಳಿಗೆ ಹಾರ್ನ್ ಸ್ಪೀಕರುಗಳು ಏರುತ್ತವೆ. ಊರಾಚೆ ಕುರಿ ಮೇಯಿಸುತ್ತಿರುವವನಿಗೂ ಹಾಡು ಕೇಳಬೇಕು. ಜಾತ್ರೆಯ ದನಿಯ ಕೆಲಸವೇ ಅದು. ಚಿಕ್ಕಂದಿನಿಂದ ಈ ದನಿಯನ್ನು ಕೇಳಿ ಬೆಳೆದವರ ಮನಸ್ಸಿನಲ್ಲಿ 'ಎಷ್ಟು ದೂರ ಕೇಳುತ್ತದೆ' ಎಂಬ ಅಳತೆಗೋಲು ತಾನಾಗಿಯೇ ನೆಲೆಗೊಂಡಿರುತ್ತದೆ. ಮುಂದೆ ಅವರೇ ನಾಲ್ಕು ಕಾಸು ಕೂಡಿಟ್ಟು ಮನೆಗೊಂದು ಆಂಪ್ಲಿಫೈಯರ್ ತರಲು ಸೇಲಂ ಪೇಟೆಗೆ ಹೋದಾಗ ಅದೇ ಅಳತೆಗೋಲನ್ನು ಜೊತೆಯಲ್ಲಿ ಒಯ್ಯುತ್ತಾರೆ. ಅಂಗಡಿಯವನೂ ಅದನ್ನು ಬಲ್ಲ. 'ಇದು ಐನೂರು ವಾಟ್, ಅದು ಸಾವಿರ ವಾಟ್' ಎಂದು ಅವನು ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತಾನೆ.

ಆದರೆ ಮನೆಯಲ್ಲಿ ದನಿಯಿಂದ ಬಯಸುವುದು ಬೇರೆಯದೇ. ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತಮಿಳು, ಮನೆಯೊಳಗೆ ಮತ್ತು ತರಗತಿಯಲ್ಲಿ ಮಾತ್ರ ಕನ್ನಡ ಎಂಬ ಸ್ಥಿತಿಯಲ್ಲಿರುವ ಕುಟುಂಬಕ್ಕೆ ಕೇಳುವ ಕನ್ನಡದ ಪ್ರತಿಯೊಂದು ಗಳಿಗೆಯೂ ಬೆಲೆಯುಳ್ಳದ್ದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ತರಂಗಕ್ಕೆ ಮುಳ್ಳು ತಿರುಗಿಸಿ ಕಿವಿಗೊಟ್ಟ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಗಮಕ, ನಾಟಕ, ಕಥೆ, ಪಾಠ ಎಲ್ಲವೂ ಫೋನಿನಲ್ಲಿ ದೊರೆಯುತ್ತವೆ. ಅದರ ಪುಟ್ಟ ಸ್ಪೀಕರಿನಿಂದ ಹೊರಟ ಮಾತು ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ತಲಪುವುದಿಲ್ಲ. ಆದುದರಿಂದ ಆಂಪ್ಲಿಫೈಯರ್ ಬೇಕು, ನಿಜ. ಆದರೆ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ 'ಎಷ್ಟು ದೂರ' ಎಂಬುದಲ್ಲ, 'ಎಷ್ಟು ಸ್ಪಷ್ಟ' ಎಂಬುದು.

ಮೊದಲು ಆ ಸಾವಿರ ವಾಟಿನ ಲೆಕ್ಕವನ್ನು ನೋಡೋಣ. ಅಗ್ಗದ ಪೆಟ್ಟಿಗೆಗಳ ಮೇಲೆ ಅಚ್ಚಾಗುವ ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ 'ಪಿಎಂಪಿಒ' ಎಂದಿರುತ್ತದೆ. ಕ್ಷಣಾರ್ಧದಲ್ಲಿ ಹೊಮ್ಮಬಹುದಾದ ಗರಿಷ್ಠ ಶಕ್ತಿ ಎಂಬುದು ಅದರ ಅರ್ಥವಂತೆ. ಅದನ್ನು ಅಳೆಯಲು ಸರ್ವಸಮ್ಮತವಾದ ಯಾವ ವಿಧಾನವೂ ಇಲ್ಲ. ತಯಾರಕನ ಧೈರ್ಯವೇ ಅದರ ಅಳತೆ. ನಂಬಬಹುದಾದ ಸಂಖ್ಯೆ 'ಆರ್‌ಎಂಎಸ್' ಎಂದು ಬರೆದಿರುವುದು, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಅದರ ಜೊತೆಗೂ ಎರಡು ವಿಷಯಗಳನ್ನು ಕೇಳಿ ತಿಳಿಯಬೇಕು: ಎಷ್ಟು ಓಮಿನ ಸ್ಪೀಕರಿಗೆ, ಮತ್ತು ದನಿ ಎಷ್ಟು ಕೆಡುವವರೆಗೆ ತಿರುಗಿಸಿ ಅಳೆದದ್ದು? ಹತ್ತು ಪಾಲಿನಲ್ಲಿ ಒಂದು ಪಾಲು ಕೆಟ್ಟ ದನಿಯನ್ನೂ ಲೆಕ್ಕಕ್ಕೆ ಸೇರಿಸಿ ವಾಟ್ ಹೇಳುವ ಪದ್ಧತಿ ಉಂಟು. ಆ ಮಟ್ಟದಲ್ಲಿ 'ಸ'ಕಾರಗಳು ಎಣ್ಣೆಯಲ್ಲಿ ಸಂಡಿಗೆ ಕರಿದಂತೆ ಕೇಳಿಸುತ್ತವೆ.

ಸುಳ್ಳನ್ನು ಹಿಡಿಯಲು ವಿಜ್ಞಾನದ ಪದವಿ ಬೇಕಿಲ್ಲ. ಎಂಟನೆಯ ತರಗತಿಯ ಮಗುವೂ ಕಲಿತಿರುವ ಶಕ್ತಿಸಂರಕ್ಷಣೆಯ ನಿಯಮ ಸಾಕು: ಒಳಗೆ ಹೋಗುವುದಕ್ಕಿಂತ ಹೆಚ್ಚು ಶಕ್ತಿ ಹೊರಗೆ ಬಾರದು. ಆಂಪ್ಲಿಫೈಯರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅದು ಎಷ್ಟು ವಾಟ್ ವಿದ್ಯುತ್ತನ್ನು ಬಳಸುತ್ತದೆ ಎಂದು ಬರೆದಿದ್ದರೆ ಅದನ್ನು ಓದಬೇಕು. ಅಲ್ಲಿ 60 ಎಂದಿದ್ದು ಮುಂಭಾಗದಲ್ಲಿ 1000 ಎಂದಿದ್ದರೆ ಮುಂದೆ ಮಾತೇ ಬೇಡ. ಎಬಿ ವರ್ಗವೆಂದು ಕರೆಯುವ ಹಳೆಯ ಮಾದರಿಯ ಆಂಪ್ಲಿಫೈಯರುಗಳು ಒಳಹೊಕ್ಕ ಶಕ್ತಿಯ ದೊಡ್ಡ ಪಾಲನ್ನು ಶಾಖವಾಗಿ ಕಳೆದುಕೊಳ್ಳುತ್ತವೆ. ಡಿ ವರ್ಗದ ಹೊಸ ಮಾದರಿಗಳು ನೂರಕ್ಕೆ ತೊಂಬತ್ತರ ಹತ್ತಿರದವರೆಗೂ ದನಿಗೆ ಕೊಡಬಲ್ಲವು. ಯಾವುದೂ ನೂರನ್ನು ದಾಟದು.

ಈಗ ಅಂಗೈಯಗಲದ ಡಿ ವರ್ಗದ ಬೋರ್ಡುಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಅವುಗಳ ಮೇಲೂ '50 ಮತ್ತು 50 ವಾಟ್' ಎಂದಿರುತ್ತದೆ. ಇದು ಸುಳ್ಳಲ್ಲ, ಆದರೆ ಅರ್ಧ ಹೇಳಿದ ಮಾತು. ಅದಕ್ಕೆ 12 ವೋಲ್ಟಿನ ಅಡಾಪ್ಟರ್ ಜೋಡಿಸಿದರೆ 8 ಓಮಿನ ಸ್ಪೀಕರಿಗೆ ಶುದ್ಧವಾಗಿ ದೊರೆಯುವುದು ಹೆಚ್ಚೆಂದರೆ 9 ವಾಟ್. ಅದೇ ಬೋರ್ಡಿಗೆ 24 ವೋಲ್ಟ್ ಕೊಟ್ಟರೆ 36 ವಾಟಿನವರೆಗೆ ಹೋಗಬಹುದು. ವೋಲ್ಟೇಜ್ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಬೋರ್ಡಿಗಿಂತ ಅದಕ್ಕೆ ಅನ್ನ ಹಾಕುವ ಅಡಾಪ್ಟರ್ ದುಬಾರಿಯಾಗುವುದು ಇದರಿಂದಲೇ. ಅಲ್ಲಿ ಉಳಿಸಲು ಹೋದವರು ಬೋರ್ಡನ್ನು ದೂರುತ್ತಾರೆ.

ಹಾಗಾದರೆ ಮನೆಗೆ ಎಷ್ಟು ಬೇಕು? ಹನ್ನೆರಡಕ್ಕೆ ಹದಿನೈದು ಅಡಿಯ ಒಂದು ಕೋಣೆಯನ್ನು ಎಣಿಸಿಕೊಳ್ಳೋಣ. ಸಾಮಾನ್ಯವಾದ ಮನೆಯ ಸ್ಪೀಕರ್ ಒಂದು ವಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ಲಿನಷ್ಟು ದನಿ ಕೊಡುತ್ತದೆ ಎನ್ನೋಣ. ಎರಡು ಸ್ಪೀಕರುಗಳಾದರೆ 90. ಕೇಳುವವರು ಮೂರು ಮೀಟರ್ ದೂರದಲ್ಲಿದ್ದರೆ ಹತ್ತರಷ್ಟು ಇಳಿದು 80. ಗೋಡೆಗಳು ಮರಳಿಸುವ ದನಿ ಸೇರಿ ಇನ್ನೂ ಒಂದಿಷ್ಟು ಹೆಚ್ಚು. ಎದುರುಬದುರು ಕುಳಿತು ಇಬ್ಬರು ಆಡುವ ಮಾತು ಸುಮಾರು 60 ಡೆಸಿಬೆಲ್ ಮಾತ್ರ. ಅಂದಮೇಲೆ ಸ್ಪೀಕರಿಗೆ ಒಂದೊಂದೇ ವಾಟ್ ಕೊಟ್ಟರೂ ಕೋಣೆಯಲ್ಲಿ ಮಾತುಕತೆ ನಿಲ್ಲುವಷ್ಟು ದನಿ ತುಂಬುತ್ತದೆ. ನಿತ್ಯದ ಆಲಿಕೆಗೆ ಒಂದು ವಾಟಿನ ಹತ್ತನೆಯ ಒಂದು ಭಾಗ ಸಾಕಾಗುತ್ತದೆ ಎಂದರೆ ನಂಬುವವರು ಕಡಮೆ, ಆದರೆ ಲೆಕ್ಕ ಹಾಗೆಯೇ ಇದೆ.

ಉಳಿದ ಶಕ್ತಿ ಬೇಕಾಗುವುದು ದನಿಯ ಏರುಗಳಿಗೆ. ಮೃದಂಗದ ಒಂದು ಹೊಡೆತ, ನಾಟಕದಲ್ಲಿ ಭೀಮನ ಒಂದು ಗರ್ಜನೆ, ಇವು ಸರಾಸರಿಗಿಂತ ಹತ್ತು ಹದಿನೈದು ಡೆಸಿಬೆಲ್ ಮೇಲೆ ನೆಗೆಯುತ್ತವೆ. ಹತ್ತು ಡೆಸಿಬೆಲ್ ಏರಬೇಕಾದರೆ ಶಕ್ತಿ ಹತ್ತು ಪಟ್ಟು ಬೇಕು. ಹೀಗೆ ಲೆಕ್ಕ ಹಾಕುತ್ತಾ ಹೋದರೂ ಪ್ರತಿ ಸ್ಪೀಕರಿಗೆ 20ರಿಂದ 30 ಪ್ರಾಮಾಣಿಕ ವಾಟ್ ಇದ್ದರೆ ಇಂತಹ ಕೋಣೆಗೆ ಧಾರಾಳವಾಯಿತು. 50 ವಾಟಿನ ಬದಲು 100 ವಾಟಿನದನ್ನು ತಂದರೆ ಹೆಚ್ಚುವುದು ಬರಿಯ 3 ಡೆಸಿಬೆಲ್. ಕಿವಿಗೆ ಅದು 'ಸ್ವಲ್ಪ ಹೆಚ್ಚಾಯಿತೋ ಏನೋ' ಎಂಬಷ್ಟು ವ್ಯತ್ಯಾಸ. ದನಿ ಎರಡರಷ್ಟಾಯಿತು ಎನ್ನಿಸಬೇಕಾದರೆ 500 ವಾಟ್ ಬೇಕು.

ಇದೇ ಹಣವನ್ನು ಸ್ಪೀಕರಿನ ಮೇಲೆ ಹಾಕಿದರೆ ಕಥೆ ಬೇರೆ. ಒಂದು ವಾಟಿಗೆ 84 ಡೆಸಿಬೆಲ್ ಕೊಡುವ ಸ್ಪೀಕರಿನ ಬದಲು 90 ಕೊಡುವುದನ್ನು ಆರಿಸಿದರೆ ಆಂಪ್ಲಿಫೈಯರನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದ ಫಲ ಸಿಗುತ್ತದೆ. ಸೇಲಂನಲ್ಲಿ ಟಿ. ಆರ್. ಸುಂದರಂ ಅವರು ಮಾಡರ್ನ್ ಥಿಯೇಟರ್ಸ್ ಸ್ಥಾಪಿಸಿದ 1935ರ ಸುಮಾರಿನ ಕಾಲದಲ್ಲಿ ವಾಕ್ಚಿತ್ರಗಳು ತೋರುತ್ತಿದ್ದ ಮಂದಿರಗಳ ಆಂಪ್ಲಿಫೈಯರುಗಳು ಗಾಜಿನ ವಾಲ್ವುಗಳವು. ಅವುಗಳ ಶಕ್ತಿ ಇಂದಿನ ಅಗ್ಗದ ಪೆಟ್ಟಿಗೆಗಳ ಮುಂದೆ ನಗೆಪಾಟಲಿನಷ್ಟು ಅಲ್ಪ. ಆದರೂ ನೂರಾರು ಜನರಿಗೆ ಮಾತು ಕೇಳುತ್ತಿತ್ತು. ತೆರೆಯ ಹಿಂದಿದ್ದ ದೊಡ್ಡ ಹಾರ್ನ್ ಸ್ಪೀಕರುಗಳು ಒಂದೊಂದು ವಾಟನ್ನೂ ವ್ಯರ್ಥಮಾಡದೆ ದನಿಯಾಗಿಸುತ್ತಿದ್ದುವು. ಆದುದರಿಂದ ಸ್ಪೀಕರನ್ನು ಮೊದಲು ಆರಿಸಿ, ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಆಮೇಲೆ ನೋಡುವುದು ಸರಿಯಾದ ಕ್ರಮ. ಪೇಟೆಯಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುಗು.

ಸ್ಪೀಕರಿನ ಹಿಂದೆ ಬರೆದಿರುವ ಓಮ್ ಸಂಖ್ಯೆಯನ್ನು ಕಡೆಗಣಿಸಿದ್ದರಿಂದ ಸುಟ್ಟುಹೋದ ಆಂಪ್ಲಿಫೈಯರುಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ಹಳೆಯ ಟೇಪ್ ರೆಕಾರ್ಡರಿನ ಎರಡು ಸ್ಪೀಕರುಗಳಿವೆ, ಅವನ್ನೂ ಸೇರಿಸೋಣ ಎಂದು ಒಂದೇ ತಂತಿಗೆ ಕಟ್ಟುವುದು ವಾಡಿಕೆ. 8 ಓಮಿನ ಎರಡನ್ನು ಹೀಗೆ ಸಮಾಂತರವಾಗಿ ಕಟ್ಟಿದರೆ 4 ಓಮ್ ಆಗುತ್ತದೆ, ನಾಲ್ಕನ್ನು ಕಟ್ಟಿದರೆ 2 ಓಮ್. ಓಮ್ ಇಳಿದಂತೆ ಆಂಪ್ಲಿಫೈಯರಿನಿಂದ ಹರಿಯುವ ವಿದ್ಯುತ್ತು ಏರುತ್ತದೆ. 4 ಓಮ್‌ಗಿಂತ ಕೆಳಗೆ ಇಳಿಸಬಾರದೆಂದು ತಯಾರಕನು ಹೇಳಿದ್ದರೆ ಆ ಮಾತನ್ನು ಮೀರಬಾರದು. ವಿಶೇಷವಾಗಿ ಈ ಭಾಗದ ಬೇಸಿಗೆಯಲ್ಲಿ, ಕೋಣೆಯೇ ಒಲೆಯಂತಿರುವಾಗ.

ಇನ್ನೊಂದು ತಪ್ಪು ತಿಳಿವಳಿಕೆ ಉಂಟು: ದೊಡ್ಡ ಆಂಪ್ಲಿಫೈಯರ್ ಸ್ಪೀಕರನ್ನು ಕೆಡಿಸುತ್ತದೆ, ಚಿಕ್ಕದರಿಂದ ಅಪಾಯವಿಲ್ಲ ಎಂಬುದು. ವಾಸ್ತವದಲ್ಲಿ ಚಿಕ್ಕದನ್ನು ಅದರ ಶಕ್ತಿ ಮೀರಿ ತಿರುಗಿಸಿದಾಗಲೇ ಸ್ಪೀಕರುಗಳು ಹಾಳಾಗುವುದು ಸಾಮಾನ್ಯ. ದನಿಯ ಅಲೆ ಆಂಪ್ಲಿಫೈಯರಿನ ಮಿತಿಯನ್ನು ಮುಟ್ಟಿದಾಗ ಅದರ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಅಲೆಯಲ್ಲಿ ಮೂಲದಲ್ಲಿಲ್ಲದ ಕೀರಲು ದನಿಗಳು ಹುಟ್ಟಿ ಟ್ವೀಟರಿಗೆ ನುಗ್ಗುತ್ತವೆ. ಕೂದಲೆಳೆಯಂತಹ ಅದರ ತಂತಿ ಸುಡುತ್ತದೆ. ಬೇಕಾದುದಕ್ಕಿಂತ ತುಸು ಹೆಚ್ಚು ಶಕ್ತಿಯಿರಲಿ ಎನ್ನುವುದು ಇದಕ್ಕಾಗಿ. ಮದುವೆಮನೆಯಲ್ಲಿ ಸಣ್ಣ ಸೆಟ್ಟನ್ನು ಪೂರ್ತಿ ತಿರುಗಿಸಿಟ್ಟು, ಮರುದಿನ 'ಸ್ಪೀಕರ್ ಚೆನ್ನಾಗಿಲ್ಲ' ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ.

ಕಂಪನಿಯ ಸೆಟ್ಟೋ, ಊರಿನ ಮೆಕ್ಯಾನಿಕ್ ಕೂಡಿಸಿದ ಅಸೆಂಬಲ್ ಸೆಟ್ಟೋ ಎಂಬುದು ತಮಿಳುನಾಡಿನ ಸಣ್ಣ ಊರುಗಳಲ್ಲಿ ಹಳೆಯ ಚರ್ಚೆ. ಇಲ್ಲಿ ಬಿಡಿಭಾಗಗಳನ್ನು ತಂದು ಆಂಪ್ಲಿಫೈಯರ್ ಕಟ್ಟುವ ಕೈಗಳು ಬಹಳ. ಚೆನ್ನೈಯ ರಿಚಿ ಸ್ಟ್ರೀಟಿನಿಂದಲೋ ಬೆಂಗಳೂರಿನ ಎಸ್. ಪಿ. ರೋಡಿನಿಂದಲೋ ಬಂದ ಐಸಿಗಳಿಗೆ ಇಲ್ಲಿಯೇ ಹೊರಕವಚ ತೊಡಿಸುತ್ತಾರೆ. ಇದನ್ನು ಕೀಳಾಗಿ ಕಾಣಬೇಕಾಗಿಲ್ಲ. ಕೆಟ್ಟಾಗ ಸರಿಪಡಿಸುವವನು ನಡೆದು ಹೋಗುವಷ್ಟು ದೂರದಲ್ಲಿರುವುದು ಯಾವ ವಾರಂಟಿ ಚೀಟಿಗೂ ಕಡಮೆಯಲ್ಲ. ಆದರೆ ಕೇಳಿ ತಿಳಿಯಬೇಕಾದುದನ್ನು ಕೇಳಬೇಕು. '4440' ಐಸಿ ಹಾಕಿದ ಸೆಟ್ಟು ಅನೇಕ ಮನೆಗಳಲ್ಲಿದೆ. ಕಾರಿನ ಬ್ಯಾಟರಿಗಾಗಿ ರೂಪಿಸಿದ ಆ ಐಸಿ ಎರಡು ಸ್ಪೀಕರುಗಳಿಗೆ ಕೊಡುವುದು ತಲಾ 6 ವಾಟ್, ಅದೂ ದನಿ ಕೆಡುವ ಮಟ್ಟಕ್ಕೆ ತಿರುಗಿಸಿದಾಗ. ಚಿಕ್ಕ ಕೋಣೆಯಲ್ಲಿ ಮಾತು ಕೇಳಲು ಅದು ಸಾಕು. ಅದನ್ನೇ 200 ವಾಟ್ ಎಂದು ಮಾರಿದರೆ ಮಾತ್ರ ಆಕ್ಷೇಪ. 'ಟಿಡಿಎ 7294' ಐಸಿ ಇದಕ್ಕಿಂತ ಎಷ್ಟೋ ಬಲಶಾಲಿ; 50 ವಾಟನ್ನು ಶುದ್ಧವಾಗಿ ಕೊಡಬಲ್ಲುದು. ಆದರೆ ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರೂ ಅಗಲವಾದ ಹೀಟ್ ಸಿಂಕೂ ಇರಲೇಬೇಕು. ಸೆಟ್ಟನ್ನು ಕೈಯಲ್ಲೆತ್ತಿ ನೋಡುವುದು ಹಳ್ಳಿಯ ಪರೀಕ್ಷೆಯಾದರೂ, ಟ್ರಾನ್ಸ್‌ಫಾರ್ಮರ್ ಇರುವ ಮಾದರಿಗಳಲ್ಲಿ ಅದು ಮೋಸಮಾಡುವುದಿಲ್ಲ. ಹಗುರವಾಗಿದ್ದರೆ ತಾಮ್ರವೂ ಕಬ್ಬಿಣವೂ ಕಡಮೆ. ಫ್ಯೂಸ್ ಇದೆಯೇ, ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ ಇದೆಯೇ ಎಂಬುದನ್ನು ಮಕ್ಕಳಿರುವ ಮನೆಯವರು ಎಲ್ಲಕ್ಕಿಂತ ಮುಂಚೆ ನೋಡಬೇಕು. ಒಳಗೆ ಹರಿಯುವುದು 230 ವೋಲ್ಟ್.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಎರಡು. ಮೊದಲನೆಯದು ಮೌನದ ಪರೀಕ್ಷೆ: ಹಾಡು ಹಾಕದೆ ವಾಲ್ಯೂಮನ್ನು ಪೂರ್ತಿ ತಿರುಗಿಸಿ, ಸ್ಪೀಕರಿನ ಬಳಿ ಕಿವಿಯಿಡಬೇಕು. ದುಂಬಿಯಂತೆ ಗುಂಯ್‌ಗುಟ್ಟಿದರೆ ವಿದ್ಯುತ್ತಿನ ಶೋಧನೆ ಸರಿಯಿಲ್ಲ ಅಥವಾ ಅರ್ತ್ ಜೋಡಣೆ ತಪ್ಪಿದೆ. ರಾತ್ರಿ ಮನೆ ಶಾಂತವಾದಾಗ ಆ ಗುಂಯ್ ಮಾತಿನ ಜೊತೆಗೇ ಕುಳಿತಿರುತ್ತದೆ.

ಎರಡನೆಯದು ಮಾತಿನ ಪರೀಕ್ಷೆ. ಅಂಗಡಿಯವನು ಹಾಕುವ ಡೋಲಿನ ಹಾಡಿಗೆ ಯಾವ ಸೆಟ್ಟೂ ಚೆನ್ನಾಗಿಯೇ ಕುಣಿಯುತ್ತದೆ. ಅದರ ಬದಲು ಮನೆಯವರೊಬ್ಬರು ಓದಿದ ಉಕ್ತಲೇಖನವನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಹೋಗುವುದು ಮೇಲು. ಹುಲಿ–ಹುಳಿ, ಕಲೆ–ಕಳೆ, ಅನ್ನ–ಅಣ್ಣ, ಸರ–ಶರ ಎಂಬಂತಹ ಜೋಡಿಗಳಲ್ಲಿ ಒಂದೊಂದನ್ನೇ ಹಿಂದುಮುಂದಾಗಿ ಓದಿರಬೇಕು; ಅದನ್ನು ಮೊದಲೇ ಕೇಳಿರದ ಮಗು ಹತ್ತಡಿ ದೂರ ನಿಂತು ಬರೆದುಕೊಳ್ಳಬೇಕು. 'ಲ'ಕಾರ 'ಳ'ಕಾರಗಳನ್ನು ಬೇರ್ಪಡಿಸುವ ಸುಳಿವುಗಳು ಹೆಚ್ಚಾಗಿ 2000ದಿಂದ 3000 ಹರ್ಟ್ಸ್ ಸುತ್ತಮುತ್ತ ಇರುತ್ತವೆ; 'ಸ'ಕಾರದ ಸೀಳು 4000ದಿಂದ ಮೇಲಕ್ಕೆ. ಬಾಸ್ ಅನ್ನು ಉಬ್ಬಿಸಿ ಎದೆ ನಡುಗಿಸುವ ಸೆಟ್ಟು ಇವೆರಡನ್ನೂ ಮುಚ್ಚಿಹಾಕುತ್ತದೆ. ಬಾಸ್ ಮತ್ತು ಟ್ರೆಬಲ್ ತಿರುಗಣೆಗಳನ್ನು ನಡುವಿಗಿಟ್ಟು ಪರೀಕ್ಷಿಸಿದಾಗ ಮಗುವಿನ ಪಟ್ಟಿಯಲ್ಲಿ ಹುಲಿ ಹುಳಿಯಾಗದಿದ್ದರೆ ಆ ಸೆಟ್ಟನ್ನು ಧೈರ್ಯವಾಗಿ ತರಬಹುದು. ಅಂಗಡಿಯವನು ನಕ್ಕರೆ ನಗಲಿ. ಮನೆಯಲ್ಲಿ ಕಿವಿ ಮಂದವಾದ ತಾತನೋ ಅಜ್ಜಿಯೋ ಇದ್ದರೆ ಈ ಪರೀಕ್ಷೆಗೆ ಇನ್ನೂ ಹೆಚ್ಚಿನ ಅರ್ಥವಿದೆ. ವಯಸ್ಸಾದಂತೆ ಮೊದಲು ಕುಂದುವುದು ಮೇಲಿನ ಸ್ವರಗಳ ಆಲಿಕೆ. ಅವರಿಗೆ ಮಾತು ಕೇಳುತ್ತದೆ, ಅರ್ಥವಾಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಅರ್ಥವಾಗದ ಮಾತು ಜೋರಾಗುತ್ತದೆ, ಅಷ್ಟೇ. ಟ್ರೆಬಲ್ ಅನ್ನು ಒಂದೆರಡು ಗೆರೆ ಏರಿಸಿ, ಬಾಸನ್ನು ಇಳಿಸಿ, ಒಂದು ಸ್ಪೀಕರನ್ನು ಅವರು ಕೂರುವ ಕಡೆಗೆ ತಿರುಗಿಸಿಟ್ಟರೆ ಅದೇ ವಾಟಿನಲ್ಲಿ ಬಹಳ ಸುಧಾರಿಸುತ್ತದೆ.

ಜೋರು ದನಿಗೆ ಮಿತಿಯೂ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೇರೆ. ಕಿವಿಯ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್ ತನಕ ಸುರಕ್ಷಿತವೆನ್ನುತ್ತದೆ. ಮಕ್ಕಳಿಗೆ ಅದಕ್ಕಿಂತ ಕಡಮೆ. ದಿನವಿಡೀ ಮಗ್ಗದ ಸದ್ದಿನಲ್ಲಿ ದುಡಿದು ಬರುವ ದೇವಾಂಗ ನೇಕಾರರ ಮನೆಗಳಲ್ಲಿ, ಸಂಜೆಯ ಹೊತ್ತು ದಣಿದ ಕಿವಿಗೆ ದನಿ ಸಣ್ಣದಾಗಿ ಕೇಳುವುದರಿಂದ ಕೈ ತಾನಾಗಿ ವಾಲ್ಯೂಮಿನತ್ತ ಹೋಗುತ್ತದೆ. ಪಕ್ಕದಲ್ಲಿ ಕುಳಿತ ಮಗುವಿನ ಕಿವಿ ದಣಿದಿರುವುದಿಲ್ಲ.

ತಂದ ಮೇಲೆ ಮಾಡಬೇಕಾದುದು ಸ್ವಲ್ಪವೇ. ಸ್ಪೀಕರುಗಳನ್ನು ಮೂಲೆಗೆ ತಳ್ಳಬಾರದು. ಮೂಲೆ ಬಾಸನ್ನು ಉಬ್ಬಿಸಿ ಮಾತನ್ನು ಮಬ್ಬಾಗಿಸುತ್ತದೆ. ಗೋಡೆಯಿಂದ ಒಂದಡಿ ಮುಂದೆ, ಕುಳಿತವರ ಕಿವಿಯ ಎತ್ತರಕ್ಕೆ ಇಟ್ಟರೆ ಸಾಕು. ಬರಿ ಸಿಮೆಂಟ್ ಗೋಡೆಯ ಕೋಣೆಯಲ್ಲಿ ಮಾತು ಮಾರ್ದನಿಸುತ್ತಿದ್ದರೆ ಎದುರಿನ ಗೋಡೆಗೆ ಒಂದು ಜಮಖಾನ ಇಳಿಬಿಡಬಹುದು. ಸೇಲಂ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಧೂಳು ಕೂರದಿರಲೆಂದು ಆಂಪ್ಲಿಫೈಯರಿನ ಮೇಲೆ ಕಸೂತಿ ಬಟ್ಟೆ ಹೊದಿಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಸೆಟ್ಟು ನಡೆಯುತ್ತಿರುವಾಗ ಆ ಬಟ್ಟೆಯನ್ನು ತೆಗೆದಿಡಬೇಕು.