ತಂತಿಯಲ್ಲಿ ಹೊಲಿದ ದೋಣಿ

ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಬಯಲುಸೀಮೆಯ ಊರಿನಲ್ಲಿ, ಮನೆಯಂಗಳದಲ್ಲೇ ಮರದ ಹಾಯಿದೋಣಿ ಕಟ್ಟಲು ಸಾಧ್ಯವೆ? ಸಾಧ್ಯ. ತೊಡಕು ಮುಖ್ಯವಾಗಿ ಒಂದೇ. ದೋಣಿಯ ಮೈ ಬಾಗಿರಬೇಕು, ಹಲಗೆಯೋ ನೆಟ್ಟಗಿರುತ್ತದೆ. ದಪ್ಪ ಹಲಗೆಯನ್ನು ಕಾಯಿಸಿ ಬಾಗಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಇದಕ್ಕೊಂದು ಸುಲಭೋಪಾಯವನ್ನು ಮನೆಮನೆಗೆ ತಲುಪಿಸಿದವರಲ್ಲಿ ಒಬ್ಬರು ಟೆಲಿವಿಷನ್ನಿನವರೇ ಎಂಬುದು ನನಗಂತೂ ಹೆಮ್ಮೆಯ ಸಂಗತಿ. ಬಿಬಿಸಿ ಟೆಲಿವಿಷನ್ನಿನಲ್ಲಿ ಮನೆ ರಿಪೇರಿ, ಮರಗೆಲಸ ಹೇಳಿಕೊಡುತ್ತಿದ್ದ ಬ್ಯಾರಿ ಬಕ್‌ನೆಲ್, ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಅವರೊಡನೆ 1962ರಲ್ಲಿ ‘ಮಿರರ್’ ಎಂಬ ದೋಣಿಯನ್ನು ರೂಪಿಸಿದರು. ಉದ್ದ 3.3 ಮೀಟರ್, ತೂಕ ಸುಮಾರು 45 ಕಿಲೋ. ಇಂಥ 70,000ಕ್ಕೂ ಹೆಚ್ಚು ದೋಣಿಗಳು ತಯಾರಾದವು.

ಉಪಾಯ ಇಷ್ಟೆ: ತೆಳು ಪ್ಲೈವುಡ್ಡನ್ನು ಬಟ್ಟೆಯಂತೆ ಕತ್ತರಿಸಿ ಹೊಲಿಯುವುದು. ಅಂಚಿನುದ್ದಕ್ಕೂ ಗೇಣಿಗೊಂದರಂತೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ತೂರಿಸಿ ತಿರುಚುತ್ತಾರೆ. ಬಾಗಿದ ಎರಡು ಅಂಚುಗಳು ಒಂದನ್ನೊಂದು ಕೂಡುವಾಗ ಇಡೀ ಹಾಳೆ ತಾನಾಗಿ ಬಾಗಿ ದೋಣಿಯ ಆಕಾರ ತಳೆಯುತ್ತದೆ, ಗಟ್ಟಿಯೂ ಆಗುತ್ತದೆ. ಹಳೆಯ ರಟ್ಟು, ಸೂಜಿದಾರ ಹಿಡಿದು ನೀವೇ ಮಾಡಿ ನೋಡಿ. ಬಳಿಕ ಸಂದುಗಳ ಮೇಲೆ ಗಾಜಿನ ನೂಲಿನ ಪಟ್ಟಿ ಹಾಸಿ ರಾಳದ ಅಂಟು ಬಳಿಯುತ್ತಾರೆ. ಅಂಟು ಗಟ್ಟಿಯಾದ ಮೇಲೆ ತಂತಿಗೆ ಕೆಲಸವಿಲ್ಲ. ದರ್ಜಿಯ ಕಚ್ಚಾ ಹೊಲಿಗೆಯಿದ್ದಂತೆ.

ಹೊಲಿಗೆ ನಮಗೆ ಹೊಸದಲ್ಲ. ಅರಬ್ಬೀ ಸಮುದ್ರದ ಹಳೆಯ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದಲೇ ಹೊಲಿಯುತ್ತಿದ್ದರು. ಆ ಕ್ರಮದಲ್ಲೇ ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. ಅಲ್ಲಿ ಮಾತ್ರ ಹೊಲಿಗೆ ಕಚ್ಚಾ ಅಲ್ಲ. ಹಡಗು ನಿಂತಿರುವುದೇ ಅದರ ಮೇಲೆ.

ಇನ್ನು ಹಾಯಿ. ನಮ್ಮ ನದಿಗಳ ಹರಗೋಲು ದುಂಡಗಿರುತ್ತದೆ, ಗಾಳಿ ದೂಡಿದತ್ತ ಜಾರುತ್ತದೆ. ಹಾಯಿದೋಣಿಯ ನಡುವೆ ಒಂದು ಹಲಗೆಯನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಅದು ಪಕ್ಕಕ್ಕೆ ಜಾರಲು ಬಿಡದು, ಮುಂದಕ್ಕೆ ಅಡ್ಡಿಯಾಗದು. ಆದ್ದರಿಂದಲೇ ಎದುರುಗಾಳಿಯಲ್ಲೂ ಓರೆಯೋರೆಯಾಗಿ ಮುಂದೆ ಸಾಗಬಹುದು.

ಪ್ಲೈವುಡ್ ಕೊಳ್ಳುವಾಗ ಐಎಸ್ 710 ಗುರುತಿನ ಮೆರೈನ್ ಪ್ಲೈ ಕೇಳಿ. ಅಗ್ಗದ್ದು ನೀರಿನಲ್ಲಿ ಪದರ ಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಗಾಳಿಕೋಣೆ. ಮಿರರ್ ದೋಣಿಯ ಒಳಗೇ ಮುಚ್ಚಿದ ಗಾಳಿಕೋಣೆಗಳಿವೆ. ನೀರಿನಡಿ ಸಿಕ್ಕ ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಇದನ್ನು ಬಿಟ್ಟು ಕಟ್ಟಿದ ದೋಣಿಗೆ ನೀರು ತುಂಬಿದರೆ ಅದು ನಿಮ್ಮನ್ನು ಹೊರಲಾರದು.

ನಿಂಬರ್ಗಾದವರಿಗೆ ಕೊರಳ್ಳಿಯ ಅಮರ್ಜಾ ಜಲಾಶಯ ನೆನಪಾಗಬಹುದು. ಅಲ್ಲಿಗೆ ಅನುಮತಿ ಬೇಕು, ಆಳವೂ ಕಣ್ಣಿಗೆ ಕಾಣದು. ಮೊದಲ ದಿನ ಹಾಯಿ ಬೇಡವೇ ಬೇಡ. ಈಜು ಬಲ್ಲ ಹಿರಿಯರನ್ನು ಜೊತೆಗಿಟ್ಟುಕೊಂಡು, ಜೀವರಕ್ಷಕ ಜಾಕೆಟ್ ತೊಟ್ಟು, ಸೊಂಟದ ಮಟ್ಟದ ನಿಂತ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ. ಮತ್ತೆ ಎತ್ತಿ ನಿಲ್ಲಿಸಲು ಬಂದರೆ ಹಾಯಿಯ ಬಟ್ಟೆ ಕೊಳ್ಳಲು ಹೊರಡಿ.