ಬಟ್ಟಲು ಬರಿದಾದರೆ ಹೊಟ್ಟೆ ತುಂಬಿತೆ?

ಗುತ್ತಲದ ಸುತ್ತಲಿನ ಊರುಗಳಲ್ಲಿ, ಅತ್ತ ರಾಣೆಬೆನ್ನೂರು ಇತ್ತ ಬ್ಯಾಡಗಿವರೆಗೂ, ಕೂಸು ಸರಿಯಾಗಿ ಉಂಡಿತೋ ಇಲ್ಲವೋ ಎಂದು ಹೇಳುವುದು ಬಟ್ಟಲು. ಒಂದು ಬಟ್ಟಲು ಗಂಜಿ ಕುಡಿಯಿತು, ಹೊಟ್ಟೆ ಗಟ್ಟಿಯಾಯಿತು, ಮಲಗಿತು; ಇನ್ನೇನು ಬೇಕು? ಹೊಟ್ಟೆ ತುಂಬಿದ್ದು ನಿಜವೇ, ಆದರೆ ತುಂಬಿದ್ದು ಬಹುಪಾಲು ನೀರಿನಿಂದ. ಮಗುವಿನ ತೂಕದ ಪ್ರತಿ ಕಿಲೋಗೆ 30 ಗ್ರಾಂ ಆಹಾರ ಹೊಟ್ಟೆಯಲ್ಲಿ ಹಿಡಿಯುತ್ತದೆ ಎಂಬುದು ಪೌಷ್ಟಿಕ ತಜ್ಞರು ಬಳಸುವ ಲೆಕ್ಕ. ಎಂಟು ಕಿಲೋ ತೂಗುವ ವರ್ಷದ ಮಗುವಿಗೆ ಅದು ಒಂದು ಸಲಕ್ಕೆ 240 ಗ್ರಾಂ. ಎದೆಹಾಲು ಕುಡಿಯುತ್ತಿದ್ದರೂ ವರ್ಷ ತುಂಬಿದ ಮಗುವಿಗೆ ಮೇಲಿನ ಆಹಾರದಿಂದ ದಿನಕ್ಕೆ ಸುಮಾರು 550 ಕ್ಯಾಲೊರಿ ಸಿಗಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಮಿಲಿ ನೀರಿಗೆ 10 ಗ್ರಾಂ ಹಿಟ್ಟು ಕದಡಿ ಕಾಯಿಸಿದ ಗಂಜಿಯಲ್ಲಿರುವುದು ಹೆಚ್ಚೆಂದರೆ 33 ಕ್ಯಾಲೊರಿ. 200 ಮಿಲಿಯ ಬಟ್ಟಲನ್ನು ತಳ ಕಾಣುವಂತೆ ಕುಡಿದರೂ 66. ಇಂಥ ಎಂಟು ಬಟ್ಟಲು ಕುಡಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಹೊಲದ ಕೂಲಿಗೆ ಹೋಗುವ ತಾಯಿಗೆ ದಿನಕ್ಕೆ ಎಂಟು ಸಲ ಒಲೆ ಹೊತ್ತಿಸಲು ಎಲ್ಲಿದೆ ಪುರುಸೊತ್ತು?

ತೆಳ್ಳಗಿದ್ದರೆ ಬೇಗ ಅರಗುತ್ತದೆ ಎಂಬ ನಂಬಿಕೆಯೇ ಗಂಜಿಗೆ ಇಷ್ಟು ನೀರು ಬೀಳುವುದಕ್ಕೆ ಅರ್ಧ ಕಾರಣ. ಇನ್ನರ್ಧ ಕಾರಣ ಒಲೆಯ ಮೇಲಿದೆ. ಹಿಟ್ಟಿನ ಪಿಷ್ಟ ಬೆಂದಾಗ ನೀರು ಹೀರಿ ಉಬ್ಬುತ್ತದೆ. ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಮುದ್ದೆಯಾಗಿ ಹಲ್ಲಿಲ್ಲದ ಬಾಯಿಗೆ ನುಂಗಲಾಗದು, ಹಾಗಾಗಿ ಮತ್ತೊಂದು ಲೋಟ ನೀರು. ಇದಕ್ಕೆ ಉತ್ತರ ರಾಗಿ ಮಾಲ್ಟಿನಲ್ಲಿದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಚಮಚದಿಂದ ಸರಾಗವಾಗಿ ಇಳಿಯುತ್ತದೆ. ಘಮ ಬರಲೆಂದು ಹುರಿಯುವುದಾದರೆ ಉರಿ ಸಣ್ಣದಿರಲಿ. ಕಂದುವಷ್ಟು ಹುರಿದರೆ ಕಿಣ್ವ ಸತ್ತು ಮೊಳಕೆ ಬರಿಸಿದ್ದೇ ದಂಡ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಮೊಳಕೆ ರಾಗಿ ಹಾಗೂ ಹೆಸರುಕಾಳಿನ ಇಂಥ ಶಿಶು ಆಹಾರದ ಬಗ್ಗೆ 1982ರಲ್ಲೇ ಬರೆದಿದ್ದಾರೆ. ಅಷ್ಟು ಮಾಡಲಾಗದ ಮನೆಯಲ್ಲೂ ಶೇಂಗಾ ಇರುತ್ತದೆ. ಮೇಲೆ ಹೇಳಿದ ಅದೇ ಬಟ್ಟಲಿಗೆ ಹುರಿದು ನುಣ್ಣಗೆ ಕುಟ್ಟಿದ 10 ಗ್ರಾಂ ಶೇಂಗಾ ಪುಡಿ, ಒಂದು ಚಮಚ ತುಪ್ಪ ಬಿದ್ದರೆ 66 ಇದ್ದದ್ದು 165ರ ಹತ್ತಿರಕ್ಕೆ ಏರುತ್ತದೆ, ಬಟ್ಟಲು ದೊಡ್ಡದಾಗಬೇಕಿಲ್ಲ. ಗ್ರಾಂಗೆ ಕನಿಷ್ಠ 0.8 ಕ್ಯಾಲೊರಿ ಇರಲಿ ಎಂಬ ತಜ್ಞರ ಮಾತಿಗೆ ಇದು ಹೆಚ್ಚುಕಡಿಮೆ ಮುಟ್ಟಿದಂತೆ. ಇಡೀ ಕಾಳು ಮಾತ್ರ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಎದೆಹಾಲು ಗ್ರಾಂಗೆ 0.7 ಕ್ಯಾಲೊರಿಗಿಂತ ಹೆಚ್ಚಿಲ್ಲ, ಅದರ ಮೇಲೇ ಕೂಸು ಬೆಳೆಯುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ಸರಿಯಾಗಿಯೇ ಇದೆ. ಬೆಳೆಯುತ್ತದೆ, ಏಕೆಂದರೆ ಅದು ಹಗಲೂ ರಾತ್ರಿ ಕುಡಿಯುತ್ತದೆ. ತೆಳು ಆಹಾರಕ್ಕೆ ಸಲ ಹೆಚ್ಚು ಬೇಕು, ದಟ್ಟ ಆಹಾರಕ್ಕೆ ಸಲ ಕಡಿಮೆ ಸಾಕು. ಎರಡೂ ಕಡಿಮೆಯಾದಾಗಲೇ ತೊಂದರೆ. ನಮ್ಮ ಹಿರಿಯರು ಅಂಬಲಿ ಕುಡಿದೇ ಗಟ್ಟಿಯಾಗಿದ್ದರಲ್ಲ ಎಂಬುದು ಇನ್ನೊಂದು ಮಾತು. ಅಂಬಲಿ ಕುಡಿದವರು ಅದರ ಜೊತೆ ರೊಟ್ಟಿಯನ್ನೂ ಗುರೆಳ್ಳು ಚಟ್ನಿಯನ್ನೂ ತಿನ್ನುತ್ತಿದ್ದ ದೊಡ್ಡವರು, ಅವರ ಹೊಟ್ಟೆಯೂ ದೊಡ್ಡದು. ಅಲ್ಲದೆ ಆ ಕಾಲದಲ್ಲಿ ಐದು ವರ್ಷ ದಾಟದೆ ಹೋದ ಕೂಸುಗಳು ಈ ವಾದಕ್ಕೆ ಸಾಕ್ಷಿ ಹೇಳಲು ಬರುವುದಿಲ್ಲ. ಖಾರದ ವಿಷಯವೂ ಇಲ್ಲೇ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ನಿಜ. ಆದರೂ ಎರಡು ವರ್ಷದ ನಾಲಿಗೆಗೆ ಅದೂ ಖಾರವೇ. ತುತ್ತಿಗೊಂದು ಗುಟುಕು ನೀರು ಕುಡಿದ ಮಗುವಿಗೆ ನಾಲ್ಕನೆಯ ತುತ್ತಿಗೆ ಜಾಗವಿರುವುದಿಲ್ಲ.

ಈಗ ನಾಣ್ಯದ ಮತ್ತೊಂದು ಮುಖ. ಮೂರ್ನಾಲ್ಕು ವರ್ಷದ ಮಗುವಿಗೆ ಎಷ್ಟು ಬಡಿಸಿದರೂ ಚಿಂತೆಯಿಲ್ಲ, ಸಾಕಾದಾಗ ಅದೇ ಬಿಡುತ್ತದೆ ಎನ್ನುತ್ತೇವೆ. ಅರ್ಧ ಸತ್ಯ. ಅಮೆರಿಕದಲ್ಲಿ ಫಿಷರ್, ರೋಲ್ಸ್, ಬರ್ಚ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳ ತಟ್ಟೆಗೆ ಮುಖ್ಯ ಖಾದ್ಯವನ್ನು ಎರಡು ಪಟ್ಟು ಬಡಿಸಿದಾಗ ಅದನ್ನು ಅವರು ಶೇಕಡಾ 25ರಷ್ಟು ಹೆಚ್ಚು ತಿಂದರು. ತುತ್ತಿನ ಗಾತ್ರವೇ ದೊಡ್ಡದಾಗಿತ್ತು. ಅದೇ ಮಕ್ಕಳಿಗೆ ತಾವೇ ಬಡಿಸಿಕೊಳ್ಳಲು ಬಿಟ್ಟಾಗ ತಿನ್ನುವುದು ಇಳಿಯಿತು. 2008ರ ಇನ್ನೊಂದು ಅಧ್ಯಯನದಲ್ಲಿ ಖಾದ್ಯದ ಕ್ಯಾಲೊರಿ ಸಾಂದ್ರತೆಯನ್ನು ಶೇಕಡಾ 30ರಷ್ಟು ಇಳಿಸಿದರೂ ಮಕ್ಕಳು ಅದಕ್ಕೆ ತಕ್ಕಷ್ಟು ಹೆಚ್ಚು ತಿನ್ನಲಿಲ್ಲ. ಆ ಖಾದ್ಯದಿಂದ ಒಳಹೋದ ಕ್ಯಾಲೊರಿ ಕಾಲುಭಾಗ ಕಡಿಮೆಯಾಯಿತು. ಅಂದರೆ ಆ ಹೊತ್ತಿನ ಊಟದಲ್ಲಿ ಮಗು ಅಳೆಯುವುದು ಬಹುಮಟ್ಟಿಗೆ ತೂಕವನ್ನು, ಕ್ಯಾಲೊರಿಯನ್ನಲ್ಲ. ಅಮೆರಿಕದಲ್ಲಿ ತೂಕ ಹೆಚ್ಚಿಸುವ ಈ ಗುಣವೇ ಗುತ್ತಲದ ಗಂಜಿ ಬಟ್ಟಲಿನಲ್ಲಿ ತೂಕ ಇಳಿಸುತ್ತದೆ.

ನಮ್ಮಲ್ಲಿ ಎರಡೂ ಒಂದೇ ಮನೆಯಲ್ಲಿ ನಡೆಯುವುದುಂಟು. ಬೆಳಿಗ್ಗೆ ಚಹಾಕ್ಕೆ ಬಿಸ್ಕಿಟ್ ಅದ್ದಿ ಕೊಡುತ್ತಾರೆ: 30 ಗ್ರಾಂ ಬಿಸ್ಕಿಟ್ ಎಂದರೆ 135 ಕ್ಯಾಲೊರಿ, ಗಂಜಿಯ ಎರಡು ಬಟ್ಟಲಿಗೆ ಸಮ. ಕ್ಯಾಲೊರಿಯೇ ಮುಖ್ಯವಾದರೆ ಬಿಸ್ಕಿಟ್ ಕೊಟ್ಟರೇನು ತಪ್ಪು? ತಪ್ಪೇನೆಂದರೆ ಅದರಲ್ಲಿರುವುದು ಮೈದಾ, ಸಕ್ಕರೆ, ಎಣ್ಣೆ; ಜೊತೆಗಿನ ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಹಾಲಲ್ಲಿ ನೆನೆಸಿದ ರೊಟ್ಟಿಗೆ ಬೆಲ್ಲ, ತುಪ್ಪ ಸೇರಿಸಿದರೂ ದಟ್ಟವೇ, ಒಂದಿಷ್ಟು ಪ್ರೋಟೀನೂ ಸಿಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡಾ 32.9ರಷ್ಟು ತೂಕ ಕಡಿಮೆಯವರು. ಆದ್ದರಿಂದ ತುಪ್ಪ ಹಾಕಿದರೆ ಬೊಜ್ಜು ಬರುತ್ತದೆ ಎಂಬ ಪೇಟೆಯ ಅಂಜಿಕೆಯನ್ನು ಎಲ್ಲ ಮಕ್ಕಳಿಗೂ ಹಚ್ಚುವುದು ತರವಲ್ಲ. ಯಾವ ಮಗುವಿಗೆ ಯಾವ ದಾರಿ ಎಂಬುದನ್ನು ತಟ್ಟೆ ನೋಡಿ ಹೇಳಲಾಗದು; ಅಂಗನವಾಡಿಯ ತೂಕದ ಚಾರ್ಟು ನೋಡಬೇಕು. ಗೆರೆ ಏರದೆ ಅಡ್ಡಡ್ಡ ಹೊರಟಿದ್ದರೆ ಬಾಯಿಗೆ ತುರುಕುವ ಬದಲು ಅದೇ ಬಟ್ಟಲನ್ನು ದಟ್ಟ ಮಾಡಿ, ನಡುವೆ ಒಂದು ಹೊತ್ತು ಸೇರಿಸಬೇಕು. ಕಾಯಿಲೆ ಏನಾದರೂ ಇದೆಯೇ ಎಂದು ವೈದ್ಯರಿಗೂ ತೋರಿಸಬೇಕು. ಎತ್ತರಕ್ಕೆ ಹೋಲಿಸಿದರೆ ತೂಕ ವಿಪರೀತ ಏರುತ್ತಿದ್ದರೆ ಪ್ಯಾಕೆಟ್ ತಿಂಡಿ ನಿಲ್ಲಿಸಿ, ಮೊದಲ ಸಲ ಅರ್ಧ ಸೌಟು ಬಡಿಸಿ, ಬೇಕೆಂದು ಕೇಳಿದರೆ ಮತ್ತೆ ಹಾಕಬೇಕು.